ಹದಿನಾಲ್ಕು ಗುಳಿ, ಐವತ್ತಾರು ಕಾಯಿ

ಹೋದ ವರ್ಷ ಆಗಸ್ಟಿನ ಒಂದು ಶನಿವಾರ. ಬೆಂಗಳೂರಲ್ಲಿ ಬೆಳಗ್ಗೆಯಿಂದಲೇ ಮಳೆ. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಆಟದ ಜಾಗದಲ್ಲಿ ಜಾರುಬಂಡೆಯ ಕಾಲು ನೀರೊಳಗೆ ಮುಳುಗಿತ್ತು. ಹೆಂಡತಿ ತವರಿಗೆ ಹೋಗಿದ್ದಳು. ಐದು ವರ್ಷದ ಮಗಳು ಹತ್ತು ಗಂಟೆಯೊಳಗೆ ಚಿತ್ರ ಬರೆದು ಮುಗಿಸಿದಳು, ಬ್ಲಾಕ್ಸ್ ಕಟ್ಟಿ ಕೆಡವಿದಳು, ಸೋಫಾದ ದಿಂಬುಗಳಲ್ಲಿ ಮನೆ ಮಾಡಿ ಅದರೊಳಗೆ ಹೊಕ್ಕು ಹೊರಗೆ ಬಂದಳು. ಹನ್ನೊಂದಕ್ಕೆ ನನ್ನ ಲ್ಯಾಪ್‌ಟಾಪಿನ ಪಕ್ಕ ಬಂದು ನಿಂತು, "ಅಪ್ಪಾ, ಬೋರು" ಅಂದಳು.

ನನಗೆ ಅವತ್ತು ರಿಲೀಸು. ಕಾಲ್‌ನಲ್ಲಿ ಆರು ಜನ ಕೂತಿದ್ದರು, ಅದರಲ್ಲಿ ನಾಲ್ಕು ಜನ ಸುಮ್ಮನೆ. ಮ್ಯೂಟ್ ಒತ್ತಿ, ಎಲ್ಲ ಅಪ್ಪಂದಿರೂ ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಮೊಬೈಲಿನಲ್ಲಿ ಲೂಡೊ ಹಾಕಿ ಅವಳ ಕೈಗೆ ಕೊಟ್ಟೆ.

ಹತ್ತು ನಿಮಿಷ ಶಾಂತಿ. ಆಮೇಲೆ ಪ್ರಶ್ನೆ ಬಂತು.

"ಅಪ್ಪಾ, ಇದರಲ್ಲಿ ನನ್ನ ಜತೆ ಆಡ್ತಿರೋದು ಯಾರು?"

"ಕಂಪ್ಯೂಟರು ಪುಟ್ಟಾ."

"ಅದಕ್ಕೆ ಮೀಟಿಂಗ್ ಇಲ್ವಾ?"

ಉತ್ತರ ಹೊಳೆಯಲಿಲ್ಲ. ಅವಳು ಬಿಡಲೂ ಇಲ್ಲ. "ನೀನು ಚಿಕ್ಕವನಿದ್ದಾಗ ಮಳೆ ಬಂದ್ರೆ ನಿನ್ನ ಯಾರು ಆಡಿಸ್ತಿದ್ರು?"

"ಯಾರೂ ಆಡಿಸ್ತಿರಲಿಲ್ಲ" ಅಂದೆ. ಅಂದ ಮೇಲೆ ಅದು ನಿಜವೂ ಹೌದು, ಸುಳ್ಳೂ ಹೌದು ಅನ್ನಿಸಿತು. ಅವತ್ತಿನಿಂದ ಈ ಪ್ರಶ್ನೆ ತಲೆಯಲ್ಲಿ ಕೂತು, ಮಳೆಗಾಲದ ಒಳಾಂಗಣ ಆಟಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಹಾಗೆ ಮಾಡಿತು. ಓದಿ ನನಗೆ ಗೊತ್ತಾಗಿದ್ದನ್ನು ಇಲ್ಲಿ ಹೇಳುತ್ತೇನೆ. ನೀವೂ ಮನೆಯಲ್ಲಿ ಒಂದು ಪುಟ್ಟ ಜೀವ ಇಟ್ಟುಕೊಂಡು ಮಳೆಗಾಲದಲ್ಲಿ ಒದ್ದಾಡುವವರಾದರೆ ಉಪಯೋಗಕ್ಕೆ ಬಂದೀತು.

ನಮ್ಮೂರು ತೀರ್ಥಹಳ್ಳಿ ಕಡೆಯದು, ಆಗುಂಬೆಗೆ ಹತ್ತಿರ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಂಗಳೂರಿನದು ಸಾವಿರದ ಆಸುಪಾಸು. ಅಂದರೆ ಇಲ್ಲಿ ನಾವು "ಅಬ್ಬಾ ಮಳೆ" ಅನ್ನುವುದರ ಏಳು ಪಟ್ಟು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ನಮ್ಮಲ್ಲಿ ಮಳೆಗೆ ಹೆಸರಿಟ್ಟು ಕರೆಯುತ್ತಾರೆ: ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಪುನರ್ವಸು ಹಿಡಿದರೆ ಬಟ್ಟೆ ಒಣಗುವುದಿಲ್ಲ, ಪುಸ್ತಕಕ್ಕೆ ಬೂಸಲು, ಗೋಡೆಗೆ ಪಾಚಿ. ಜಗಲಿಗೆ ಇರಚಲು ಹೊಡೆಯದ ಹಾಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮನೆಯೊಳಗೆ ಹಗಲಲ್ಲೂ ಮಬ್ಬು.

ಅಂಥ ದಿನ ಅಪ್ಪ ಏನು ಮಾಡುತ್ತಿದ್ದರು? ಕಾಯುತ್ತಿದ್ದರು. ಅಡಿಕೆಗೆ ಕೊಳೆ ಔಷಧಿ ಹೊಡೆಯಬೇಕು, ಅದಕ್ಕೆ ಮಳೆ ಸ್ವಲ್ಪ ಹೊಳವಾಗಬೇಕು. ಮೈಲುತುತ್ತ, ಸುಣ್ಣ ತಂದಿಟ್ಟಾಗಿದೆ, ಔಷಧಿ ಹೊಡೆಯುವವರೂ ಬಂದು ಜಗಲಿಯಲ್ಲಿ ಕೂತಾಗಿದೆ. ಆಕಾಶ ನೋಡುವುದು, ಎಲೆ ಅಡಿಕೆ ಹಾಕುವುದು, ಮತ್ತೆ ಆಕಾಶ ನೋಡುವುದು. ನೆಟ್ಟಿ ಮುಗಿದಿದ್ದರೆ ಗದ್ದೆಯಲ್ಲೂ ಕೆಲಸವಿಲ್ಲ. ಹೊಳೆ ಏರಿದೆ, ಕಾಲುಸಂಕ ದಾಟುವ ಹಾಗಿಲ್ಲ, ಆದ್ದರಿಂದ ನಮಗೆ ಶಾಲೆಯೂ ಇಲ್ಲ. ಹೀಗೆ ಒಂದು ಮನೆಯ ಮೂರು ತಲೆಮಾರು ಒಂದೇ ಮಾಡಿನ ಕೆಳಗೆ, ಒಂದೇ ಕಾರಣಕ್ಕೆ, ಒಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಆಗ ಅಜ್ಜಿ ಅಟ್ಟದಿಂದ ಚೆನ್ನೆಮಣೆ ಇಳಿಸುತ್ತಿದ್ದರು.

ಅಜ್ಜಿಯ ತವರು ಘಟ್ಟದ ಕೆಳಗೆ, ಕಾರ್ಕಳದ ಕಡೆ. ಮದುವೆಯಾಗಿ ಆಗುಂಬೆ ಘಾಟಿ ಹತ್ತಿ ಬಂದಾಗ ಜತೆಗೆ ತಂದದ್ದು ಎರಡು ಸೀರೆ, ಒಂದು ತಾಮ್ರದ ಹಂಡೆ ಮತ್ತು ಈ ಮಣೆ ಅಂತ ಹೇಳುತ್ತಿದ್ದರು. ಹಲಸಿನ ಮರದ್ದು. ಎದುರುಬದುರು ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು 14. ಒಂದೊಂದು ಗುಳಿಗೆ ನಾಲ್ಕರಂತೆ 56 ಕಾಯಿ. ಕಾಯಿ ಅಂದರೆ ಮಂಜೊಟ್ಟಿ, ಕೆಂಪಗೆ ಹೊಳೆಯುವ ಗಟ್ಟಿ ಬೀಜ. ತುಳುನಾಡಲ್ಲಿ ಇದು ಆಟಿ ತಿಂಗಳ ಆಟ. ಆಟಿ ಅಂದರೆ ಹೆಚ್ಚುಕಡಿಮೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜಡಿಮಳೆಯ ಕಾಲ. ಬಯಲುಸೀಮೆಯವರಿಗೆ ಅಳಗುಳಿಮಣೆ ಅಂದರೆ ಗುರುತು ಸಿಗುತ್ತದೆ, ತಮಿಳರಿಗೆ ಪಲ್ಲಾಂಗುಳಿ. ಆಫ್ರಿಕಾದ ಉದ್ದಗಲಕ್ಕೂ, ಪಶ್ಚಿಮ ಏಷ್ಯಾ, ಆಗ್ನೇಯ ಏಷ್ಯಾದಲ್ಲೂ ಇದರ ದಾಯಾದಿಗಳಿವೆ. ಇಡೀ ವಂಶಕ್ಕೆ ವಿದ್ವಾಂಸರು ಇಟ್ಟ ಹೆಸರು ಮಂಕಾಲ.

ನಮ್ಮ ಮನೆಯ ಲೆಕ್ಕ ಹೀಗಿತ್ತು. ನಿಮ್ಮ ಕಡೆಯ ಒಂದು ಗುಳಿಯ ಕಾಯಿಗಳನ್ನೆಲ್ಲ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗಬೇಕು. ಕೈ ಖಾಲಿಯಾದ ಕೂಡಲೇ ಅದರ ಮುಂದಿನ ಗುಳಿಯಲ್ಲಿರುವುದನ್ನು ತೆಗೆದು ಮತ್ತೆ ಹಂಚಬೇಕು. ತೆಗೆಯಲು ಹೋದ ಗುಳಿ ಖಾಲಿ ಇದ್ದರೆ, ಅದರಾಚೆ ಗುಳಿಯಲ್ಲಿ ಇದ್ದಷ್ಟೂ ನಿಮ್ಮದು, ಅಲ್ಲಿಗೆ ನಿಮ್ಮ ಸರದಿ ಮುಗಿಯಿತು. ನಡುವೆ ಯಾವುದಾದರೂ ಗುಳಿಯಲ್ಲಿ ಸರಿಯಾಗಿ ನಾಲ್ಕು ಕೂಡಿದರೆ ಆ ಗುಳಿಯ ಒಡೆಯರಿಗೆ ಆ ನಾಲ್ಕು. ಊರಿಂದ ಊರಿಗೆ, ಮನೆಯಿಂದ ಮನೆಗೆ ನಿಯಮ ಬೇರೆಯಾಗುತ್ತದೆ. ಅದೇ ಜಗಳಕ್ಕೆ ಅರ್ಧ ಕಾರಣ.

ಮೊದಲ ನಡೆಗೆ ನಾನು ಯಾವ ಗುಳಿ ತೆಗೆಯುವುದೆಂದು ತಲೆ ಕೆರೆದುಕೊಳ್ಳುತ್ತಿದ್ದರೆ ಅಜ್ಜಿ, "ಎಂಥ ಯೋಚನೆ ಮಾರಾಯ, ಎಲ್ಲಿ ತೆಗೆದರೂ ಅಷ್ಟೇ" ಅನ್ನುತ್ತಿದ್ದರು. ಇಂಜಿನಿಯರಿಂಗ್ ಮುಗಿಸಿ ವರ್ಷಗಳಾದ ಮೇಲೆ, ಒಂದು ರಾತ್ರಿ ನಿದ್ದೆ ಬಾರದೆ ಈ ಆಟಕ್ಕೆ ಒಂದು ಪುಟ್ಟ ಪ್ರೋಗ್ರಾಂ ಬರೆದೆ. 14 ಮನೆಗಳ ಒಂದು ಅರೇ, ಸುತ್ತು ತಿರುಗಲು ಒಂದು ಮಾಡ್ಯುಲೊ, ಇಷ್ಟೇ. ಮೊದಲ ನಡೆಯಲ್ಲಿ ಏಳು ಸಲ ಕಾಯಿ ಎತ್ತಿ, ಒಟ್ಟು 28 ಕಾಯಿ ಹಂಚಿ, ಮಣೆಯನ್ನು ಎರಡೂವರೆ ಸುತ್ತು ಸುತ್ತಿ, ಕೊನೆಗೆ 6 ಕಾಯಿ ಸಿಗುತ್ತದೆ. ಎಲ್ಲ ಗುಳಿಯಲ್ಲೂ ನಾಲ್ಕೇ ಇರುವುದರಿಂದ ಎಲ್ಲಿಂದ ಶುರು ಮಾಡಿದರೂ 6. ಅಜ್ಜಿ ಶಾಲೆಗೆ ಹೋಗಿದ್ದು ಮೂರನೇ ಕ್ಲಾಸಿನ ತನಕ. ಬೇಕಾದರೆ ನೀವೂ ಹುಣಸೆಬೀಜ ಹಾಕಿ ನೋಡಿ.

ಆದರೆ ನನ್ನ ಮಗಳ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲಿಲ್ಲ. ಅಜ್ಜಿ ಹಾಕಿದ್ದ ಇನ್ನೊಂದು ಕಟ್ಟುನಿಟ್ಟಿನಲ್ಲಿದೆ. ನಾನೂ ಅಕ್ಕನೂ ಎದುರುಬದುರು ಕೂತು ಚೆನ್ನೆ ಆಡುವ ಹಾಗಿರಲಿಲ್ಲ. ಒಡಹುಟ್ಟಿದವರು ಚೆನ್ನೆ ಆಡಬಾರದು, ಅದರಲ್ಲೂ ಅಕ್ಕತಂಗಿಯರು ಆಡಲೇಬಾರದು ಎಂಬ ನಂಬಿಕೆ ತುಳುನಾಡಲ್ಲಿ ಗಟ್ಟಿ. ಕೇಳಿದರೆ ಅಬ್ಬಗ ದಾರಗರ ಕತೆ ಹೇಳುತ್ತಿದ್ದರು.

ಈ ಅವಳಿ ಹುಡುಗಿಯರು ತುಳುವರ ಸಿರಿಯ ಮೊಮ್ಮಕ್ಕಳು. ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ, ದೊಡ್ಡವರು ಯಾರೂ ಮನೆಯಲ್ಲಿಲ್ಲದ ಹೊತ್ತಲ್ಲಿ ಅಕ್ಕತಂಗಿ ಚೆನ್ನೆಮಣೆ ಹಾಕಿ ಕೂರುತ್ತಾರೆ. ಆಟ ಬಿಸಿಯಾಗಿ ಮಾತಿಗೆ ಮಾತು ಬೆಳೆದು ಅಬ್ಬಗ ಮಣೆಯನ್ನೇ ಎತ್ತಿ ದಾರಗಳ ತಲೆಗೆ ಹೊಡೆಯುತ್ತಾಳೆ. ದಾರಗ ಸಾಯುತ್ತಾಳೆ. ಮಾಡಿದ್ದು ಅರಿವಾಗಿ ಅಬ್ಬಗ ಬಾವಿಗೆ ಹಾರುತ್ತಾಳೆ. ಸಿರಿಯ ಕತೆಯನ್ನು ಇವತ್ತಿಗೂ ಹಾಡುತ್ತಾರೆ, ಸಿರಿ ಜಾತ್ರೆಗಳಲ್ಲಿ ಹೆಂಗಸರ ಮೈಮೇಲೆ ಬರುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡರ ಜತೆಗೂಡಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದು 15,683 ಸಾಲುಗಳ ಮಹಾಕಾವ್ಯ.

ಚಿಕ್ಕವನಿದ್ದಾಗ ಆ ಕತೆ ಕೇಳಿ ಹೆದರುತ್ತಿದ್ದೆ. ಈಗ ಅದರ ಬೇರೆ ಪರಿಣಾಮ ಕಾಣುತ್ತದೆ. ಮಕ್ಕಳಿಬ್ಬರನ್ನೇ ಕೂರಿಸಿ, "ಆಡ್ಕೊಳ್ಳಿ, ಗಲಾಟೆ ಮಾಡ್ಬೇಡಿ" ಅಂತ ದೊಡ್ಡವರು ಎದ್ದು ಹೋಗುವ ದಾರಿಯನ್ನೇ ಆ ನಂಬಿಕೆ ನಮ್ಮ ಮನೆಯಲ್ಲಿ ಮುಚ್ಚಿಬಿಟ್ಟಿತ್ತು. ನಾನು ಆಡಬೇಕಾದರೆ ಎದುರಿಗೆ ಅಜ್ಜಿ ಕೂರಬೇಕು, ಇಲ್ಲವೇ ಚಿಕ್ಕಮ್ಮ. ಅಕ್ಕ ಆಡಬೇಕಾದರೆ ಅಪ್ಪ ಬರಬೇಕು. ನಂಬಿಕೆ ಹುಟ್ಟಿದ್ದೇ ಇದಕ್ಕೆ ಅಂತ ನಾನು ಹೇಳುವುದಿಲ್ಲ, ಆದರೆ ಆದದ್ದು ಇದು. ಪ್ರತಿ ಆಟದಲ್ಲೂ ಒಂದು ದೊಡ್ಡ ಕೈ, ಒಂದು ಪುಟ್ಟ ಕೈ.

ಚೌಕಾಬಾರದಲ್ಲೂ ಅಷ್ಟೇ. ನೆಲದ ಮೇಲೆ ಮಸಿಕೆಂಡದಲ್ಲಿ 25 ಮನೆ ಗೀಚಿ, ಹುಣಸೆಬೀಜದ ಒಂದು ಬದಿಯನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ, ಕವಡೆಯ ಬದಲು ಅದನ್ನೇ ಎಸೆಯುವುದು. ನಾಲ್ಕು ಜನ ಬೇಕು, ಮಕ್ಕಳು ಎರಡೇ ಇದ್ದರೆ ಔಷಧಿ ಹೊಡೆಯಲು ಬಂದವರೂ ಆಟಕ್ಕೆ ಸೇರುತ್ತಿದ್ದರು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕವುಚಿದರೆ ಎಂಟು. ಹುಲಿ-ಕುರಿ ಆಟದಲ್ಲಿ ಮೂರು ಹುಲಿಗೆ ಹದಿನೈದು ಕುರಿ. ಅಪ್ಪ ಯಾವಾಗಲೂ ಕುರಿಯ ಕಡೆ. ನಮ್ಮನ್ನು ಗೆಲ್ಲಿಸಬೇಕು ಅಂತ ಯಾರೂ ಸೋತದ್ದು ನೆನಪಿಲ್ಲ. ಅವರು ಅವರಿಗೋಸ್ಕರವೇ ಆಡುತ್ತಿದ್ದರು. ನಾವು ಅವರ ಆಟದೊಳಗೆ ಇದ್ದೆವು.

ಇಷ್ಟಾದ ಮೇಲೆ ನನಗೆ ಕುತೂಹಲ ಹುಟ್ಟಿತು. ಈ ಆಟಗಳು ಮೂಲದಲ್ಲಿ ಮಕ್ಕಳಿಗೆ ಅಂತಲೇ ಇದ್ದವೇ? ಹಿಂದಕ್ಕೆ ಹೋದಷ್ಟೂ, ನನಗೆ ಸಿಕ್ಕಲ್ಲೆಲ್ಲ ಇವು ದೊಡ್ಡವರ ಆಟಗಳು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ 'ಮಾನಸೋಲ್ಲಾಸ' ಬರೆಸಿದ. ಇವತ್ತಿನ ಬಸವಕಲ್ಯಾಣವೇ ಆ ಕಲ್ಯಾಣ. ಅಡುಗೆಯಿಂದ ಆನೆ ಹಿಡಿಯುವ ತನಕ ಎಲ್ಲವೂ ಇರುವ ಸಂಸ್ಕೃತದ ವಿಶ್ವಕೋಶ ಅದು. ಅದರ ಕೊನೆಯ ಭಾಗದ ಹೆಸರು ಕ್ರೀಡಾವಿಂಶತಿ. ಚದುರಂಗ, ದಾಳದ ಆಟ, ಕವಡೆ ಆಟ, ಒಗಟು ಬಿಡಿಸುವ ಆಟ ಎಲ್ಲ ಬರುತ್ತವೆ, ಆದರೆ ಆಡುವವನು ರಾಜ, ಜತೆಗೆ ಅವನ ರಾಣಿಯರು, ಆಸ್ಥಾನದವರು. ನಾವು ಮಗುವಿಗೆ ಕೊಟ್ಟು ಕೂರಿಸುವ ಕವಡೆ ಆಟಕ್ಕೆ ಅಲ್ಲಿ ಅರಮನೆಯಲ್ಲೇ ಪೀಠ.

ಹಂಪಿಗೆ ಹೋದಾಗ ಈ ಸಲ ತಲೆ ಎತ್ತಿ ಶಿಖರ ನೋಡುವುದರ ಜತೆಗೆ ತಲೆ ತಗ್ಗಿಸಿ ನೆಲವನ್ನೂ ನೋಡಿ. ಮಂಟಪಗಳ ಹಾಸುಗಲ್ಲಿನ ಮೇಲೆ ಆಟದ ಮನೆಗಳನ್ನು ಕೊರೆದಿದ್ದಾರೆ: ಗೆರೆಗಳು, ಚೌಕಗಳು, ಸಾಲುಗುಳಿಗಳು. ದಶಕಗಳ ಕಾಲ ವಿಜಯನಗರದ ಅಧ್ಯಯನ ಮಾಡಿದ ಜಾನ್ ಫ್ರಿಟ್ಜ್ ಅವರು ಡೇವಿಡ್ ಗಿಬ್ಸನ್ ಜತೆ ಸೇರಿ ಇವನ್ನು ಹುಡುಕಿ ದಾಖಲಿಸಿದ್ದಾರೆ. ಕಲ್ಲಿನಲ್ಲಿ ಗುಳಿ ಕೊರೆಯುವುದು ಐದು ವರ್ಷದ ಮಗುವಿನ ಕೈಯಲ್ಲಾಗುವ ಕೆಲಸವಲ್ಲ. ಉಳಿ ಹಿಡಿದ ದೊಡ್ಡವರು ಯಾರೋ, ಕೂತು ಕಳೆಯಲು ಬೇಕಾದಷ್ಟು ಹೊತ್ತಿದ್ದವರು, ತಮಗಾಗಿ ಕೊರೆದುಕೊಂಡದ್ದು.

ಇನ್ನೂ ಸ್ಪಷ್ಟವಾದ ಉದಾಹರಣೆ ಮೈಸೂರಿನದು. ಮುಮ್ಮಡಿ ಕೃಷ್ಣರಾಜ ಒಡೆಯರ್ 1794ರಲ್ಲಿ ಹುಟ್ಟಿದರು. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಬ್ರಿಟಿಷರು ಅವರನ್ನು ಸಿಂಹಾಸನದಲ್ಲಿ ಕೂರಿಸಿದಾಗ ಇನ್ನೂ ಐದು ತುಂಬಿರಲಿಲ್ಲ, ಹೆಚ್ಚುಕಡಿಮೆ ನನ್ನ ಮಗಳ ವಯಸ್ಸು. 1831ರಲ್ಲಿ ಅದೇ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಹೆಸರಿಗೆ ದೊರೆ, ಕೈಯಲ್ಲಿ ರಾಜ್ಯವಿಲ್ಲ. 1868ರಲ್ಲಿ ತೀರಿಕೊಳ್ಳುವ ತನಕ 37 ವರ್ಷ ಹಾಗೆಯೇ. ಆ ದೊರೆ ಆಟಗಳನ್ನು ಸಂಗ್ರಹಿಸಿದರು, ಹೊಸದಾಗಿ ಕಟ್ಟಿದರು. ಚದುರಂಗದ ಕುದುರೆ ಅರವತ್ನಾಲ್ಕು ಮನೆಯನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಬರುವ ಬಂಧಗಳನ್ನು ರಚಿಸಿದರು. ಗಂಜೀಫಾದಂಥ 'ಚದ' ಎಂಬ ಎಲೆಯಾಟಗಳನ್ನು ರೂಪಿಸಿದರು. ಅದರಲ್ಲಿ ಅತಿ ದೊಡ್ಡದಕ್ಕೆ 360 ಎಲೆ. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಈ ಆಟಗಳು ಬರುತ್ತವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಮಣೆಯಾಟಗಳಿಗಾಗಿ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನ ನಡೆಸುತ್ತ ಬಂದಿದೆ. ಪಗಡೆಯ ಹಾಸು, ಅಳಗುಳಿಮಣೆ ಕಣ್ಣಾರೆ ನೋಡಿ ಕೊಂಡು ತರುವ ಆಸೆಯಿದ್ದರೆ ಅದೊಂದು ಒಳ್ಳೆಯ ಜಾಗ.

ಅಧಿಕಾರವಿಲ್ಲದೆ ಅರಮನೆಯಲ್ಲಿ ಕೂತ ದೊರೆಗೂ, ಆಟಿಯಲ್ಲಿ ಗದ್ದೆಗಿಳಿಯಲಾರದ ನಮ್ಮಜ್ಜಿಗೂ ಇದ್ದ ಸಂಬಂಧ ಇಷ್ಟೇ: ಇಬ್ಬರಿಗೂ ಹೊರಗೆ ಹೋಗಲು ದಾರಿಯಿರಲಿಲ್ಲ, ಇಬ್ಬರ ಹತ್ತಿರವೂ ಹೊತ್ತಿತ್ತು. ಆಟ ಹುಟ್ಟುವುದು, ಉಳಿಯುವುದು ದೊಡ್ಡವರು ನಿಂತ ಜಾಗದಲ್ಲಿ.

ಹಾಗಂತ ಮಕ್ಕಳಿಗೇ ಅಂತ ಆಟಿಕೆ ಇರಲಿಲ್ಲ ಅಂತಲ್ಲ. ಶೂದ್ರಕನ 'ಮೃಚ್ಛಕಟಿಕ'ಕ್ಕೆ ಆ ಹೆಸರು ಬಂದದ್ದೇ ಒಂದು ಮಗುವಿನ ಮಣ್ಣಿನ ಬಂಡಿಯಿಂದ. ಪಕ್ಕದ ಮನೆ ಹುಡುಗನ ಚಿನ್ನದ ಬಂಡಿ ನೋಡಿ, ತನಗೆ ಈ ಮಣ್ಣಿನದು ಬೇಡ ಅಂತ ಆ ಮಗು ಅಳುತ್ತದೆ. ಅಪಾರ್ಟ್‌ಮೆಂಟಿನಲ್ಲಿ ವಾಸ ಮಾಡುವವರಿಗೆ ಈ ಸಮಸ್ಯೆಯನ್ನು ವಿವರಿಸಬೇಕಿಲ್ಲ. ನಮ್ಮ ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳೂ ಇವೆ. ಆದರೆ ಬಂಡಿ, ಬುಗುರಿ, ಗೊಂಬೆ ಒಂದು ಗಳಿಗೆಯ ಆಟ. ಇಡೀ ದಿನವನ್ನು ಹೊತ್ತುಕೊಂಡು ಹೋಗುವ ಮಣೆಯಾಟಗಳಲ್ಲಿ ಮಗು ಪಾಲುದಾರ, ಒಡೆಯನಲ್ಲ.

'ಮಗುವಿಗೊಂದು ಕೆಲಸ ಕೊಟ್ಟು ಕೂರಿಸುವುದು' ಎಂಬ ಯೋಚನೆಗೆ ಬೇರೆ ಇತಿಹಾಸವಿದೆ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬಲ್ಲಿ ಫ್ರೆಡ್ರಿಕ್ ಫ್ರೋಬೆಲ್ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆ ಶುರು ಮಾಡಿದ. ಮೂರು ವರ್ಷದ ನಂತರ ಅದಕ್ಕೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟ. ಮಕ್ಕಳಿಗಾಗಿ ಉಣ್ಣೆಯ ಚೆಂಡು, ಮರದ ಗುಂಡು, ಘನ, ಪುಟ್ಟ ಇಟ್ಟಿಗೆಗಳನ್ನು ಕ್ರಮವಾಗಿ ರೂಪಿಸಿದ. ಅವನ್ನು 'ಕೊಡುಗೆ'ಗಳು ಅಂದ. ಕಾಗದ ಮಡಚುವುದು, ಹೆಣೆಯುವುದು, ಮಣಿ ಪೋಣಿಸುವುದು, ಮಣ್ಣಿನಲ್ಲಿ ಆಕಾರ ಮಾಡುವುದು ಇವಕ್ಕೆ 'ಉದ್ಯೋಗ'ಗಳು ಎಂಬರ್ಥದ ಹೆಸರಿಟ್ಟ. ನನ್ನ ಮಗಳ ಪ್ರೀಸ್ಕೂಲಿನವರು ಪ್ರತಿ ಶುಕ್ರವಾರ ಕಳಿಸುವ 'ಆಕ್ಟಿವಿಟಿ' ಹಾಳೆಯ ಮುತ್ತಜ್ಜ ಇವನೇ. ಫ್ರೋಬೆಲ್‌ನನ್ನು ಬೈಯುವಂತಿಲ್ಲ. ಮಗು ಆಡುತ್ತ ಕಲಿಯುತ್ತದೆ ಅನ್ನುವುದನ್ನು ಗಂಭೀರವಾಗಿ ತಗೊಂಡ ಮನುಷ್ಯ, ತಾಯಂದಿರು ಮಕ್ಕಳ ಜತೆ ಕೂತು ಆಡಲೆಂದೇ ಹಾಡಿನ ಪುಸ್ತಕ ಮಾಡಿದವನು. ಆದರೆ ಡಬ್ಬಿ ಊರೂರಿಗೆ ಬಂತು, ಜತೆಗೆ ಕೂರುವವರು ಬರಲಿಲ್ಲ.

ನಮ್ಮ ಪಗಡೆಯ ಗತಿಯೂ ಇದೇ. ಅದು ಸಮುದ್ರ ದಾಟಿ ಹೋಗಿ, ಸಪೂರವಾಗಿ, 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೊ ಎಂಬ ಹೆಸರಲ್ಲಿ ಪೇಟೆಂಟಾಯಿತು. ಪಾಪಪುಣ್ಯದ ಲೆಕ್ಕ ಕಲಿಸುತ್ತಿದ್ದ ಪರಮಪದದ ಪಟ ಅದೇ ಕಾಲದಲ್ಲಿ ಹಾವು-ಏಣಿಯಾಯಿತು. ದೊಡ್ಡವರು ಪಣವೊಡ್ಡಿ ಆಡುತ್ತಿದ್ದ, ಮೋಕ್ಷದ ಚಿಂತೆ ಮಾಡುತ್ತಿದ್ದ ಆಟಗಳು ಮಕ್ಕಳ ರಟ್ಟಿನ ಡಬ್ಬಿಯೊಳಗೆ ಕೂತು ನಮ್ಮ ಅಂಗಡಿಗಳಿಗೆ ವಾಪಸು ಬಂದವು. ಆಮೇಲೆ ಮುಂಬೈಯ ಒಂದು ಕಂಪನಿ ಅದನ್ನು ಮೊಬೈಲಿಗೆ ಇಳಿಸಿತು, 2020ರ ಲಾಕ್‌ಡೌನಿನಲ್ಲಿ ದೇಶವೇ ಲೂಡೊ ಆಡಿತು. ರಟ್ಟಿನ ಡಬ್ಬಿಗಾದರೂ ಎದುರಿಗೆ ಇನ್ನೊಬ್ಬರು ಬೇಕಿತ್ತು. ಮೊಬೈಲಿಗೆ ಅದೂ ಬೇಡ. ಎದುರಾಳಿಯ ಕುರ್ಚಿಯಲ್ಲಿ ಕೂತದ್ದು ನಾನು ಬರೆಯುವಂಥದೇ ನಾಲ್ಕು ಸಾಲು ಕೋಡು.

ಇಷ್ಟು ಹೇಳಿ, "ಆ ಕಾಲವೇ ಚೆನ್ನ" ಅಂತ ನಿಟ್ಟುಸಿರು ಬಿಟ್ಟರೆ ಅದು ಅಪ್ರಾಮಾಣಿಕವಾಗುತ್ತದೆ. ನಮಗೆ ಶಾಲೆ ತಪ್ಪುತ್ತಿದ್ದದ್ದು ಕಾಲುಸಂಕ ಅಪಾಯದ್ದು ಅನ್ನುವ ಕಾರಣಕ್ಕೆ. ಮಲೆನಾಡು, ಕರಾವಳಿಯಲ್ಲಿ ಶಾಲೆಯಿಂದ ಬರುವ ಮಕ್ಕಳು ಸಂಕದಿಂದ ಜಾರಿ ಹೊಳೆಯಲ್ಲಿ ಕೊಚ್ಚಿಹೋದ ಸುದ್ದಿ ಈಚಿನ ವರ್ಷಗಳಲ್ಲೂ ಬಂದಿದೆ. ಮನೆಮಂದಿಯೆಲ್ಲ ಸುಮ್ಮನೆ ಕೂತಿದ್ದರು ಅಂದೆನಲ್ಲ, ಅದರಲ್ಲೂ ಒಂದು ತಿದ್ದುಪಡಿ ಬೇಕು. ಅಮ್ಮ ಕೂತದ್ದು ಕಡಿಮೆ. ಹಸಿ ಸೌದೆ ಊದುತ್ತ ಒಲೆಯ ಮುಂದೆ ಇರುತ್ತಿದ್ದರು, ನಮಗೆ ಹಲಸಿನ ಹಪ್ಪಳ ಸುಟ್ಟು ಕಳಿಸುತ್ತಿದ್ದರು. ಅಜ್ಜಿ ಆಡಲು ಕೂರುತ್ತಿದ್ದದ್ದು ಸೊಸೆ ಬಂದ ಮೇಲೆ. ನೆಟ್ಟಿ ಮುಗಿಯುವ ತನಕ ಕೂಲಿ ಹೆಂಗಸರು ಗೊರಬು ಹೊದ್ದು ಅದೇ ಮಳೆಯಲ್ಲಿ ಬಗ್ಗಿ ನಿಂತಿರುತ್ತಿದ್ದರು. ಅವರ ಮಕ್ಕಳು ಅವರ ಮನೆಯ ನೆಲದ ಮೇಲೆ ಅದೇ ಚೌಕಾಬಾರ ಗೀಚಿಕೊಂಡು ಆಡುತ್ತಿದ್ದರು. ನಮ್ಮ ಜಗಲಿಯ ಚೆನ್ನೆಮಣೆಗೆ ಅವರನ್ನು ಯಾರೂ ಕರೆದದ್ದು ನನಗೆ ನೆನಪಿಲ್ಲ. ಯಾಕೆ ಅಂತ ಆಗ ನಾನು ಕೇಳಲಿಲ್ಲ.

ಆದ್ದರಿಂದ ವಾಪಸು ತರಬೇಕಾದದ್ದು ಆ ಕಾಲವನ್ನಲ್ಲ. ಅದರೊಳಗಿನ ಒಂದೇ ಒಂದು ಸಂಗತಿಯನ್ನು. ಅಲ್ಲಿ ಮಳೆ ದೊಡ್ಡವರನ್ನೂ ನಿಲ್ಲಿಸುತ್ತಿತ್ತು. ಇಲ್ಲಿ ಮಳೆ ಮಗುವನ್ನು ಮಾತ್ರ ನಿಲ್ಲಿಸುತ್ತದೆ. ನನ್ನ ಮೀಟಿಂಗು ನಿಲ್ಲುವುದಿಲ್ಲ, ರಿಲೀಸು ನಿಲ್ಲುವುದಿಲ್ಲ, ಫೈಬರ್ ಕೇಬಲ್ಲಿಗೆ ಪುನರ್ವಸು ಗೊತ್ತಿಲ್ಲ. ಮಗುವನ್ನು 'ಎಂಗೇಜ್' ಮಾಡುವುದು ಅನ್ನುವ ಹೊಸ ಕೆಲಸ ಹುಟ್ಟಿಕೊಂಡದ್ದು ಈ ಬಿರುಕಿನಲ್ಲಿ.

ಇದು ನನಗೆ ಪುಸ್ತಕ ಓದಿ ಹೊಳೆದದ್ದಲ್ಲ. ಹೇಳಲು ಸ್ವಲ್ಪ ಕಷ್ಟವೇ.

2020ರ ಮಳೆಗಾಲ ನಾನು ಊರಲ್ಲೇ ಇದ್ದೆ. ವರ್ಕ್ ಫ್ರಂ ಹೋಮ್. ಪಡಸಾಲೆಯ ಕಿಟಕಿಯ ಪಕ್ಕ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು, ಅಲ್ಲೇ ಮೇಜು ಹಾಕಿಕೊಂಡಿದ್ದೆ. ಆಟಿ ಬಂತು. ಎಂಬತ್ತು ದಾಟಿದ್ದ ಅಜ್ಜಿಗೆ ಅಟ್ಟ ಹತ್ತಲು ಆಗುತ್ತಿರಲಿಲ್ಲ. ಅಮ್ಮನ ಹತ್ತಿರ ಮಣೆ ಇಳಿಸಿಕೊಂಡು, ಒರೆಸಿ, ಜಗಲಿಯ ಹೊಸ್ತಿಲ ಹತ್ತಿರ ಕೂತು, ಹದಿನಾಲ್ಕು ಗುಳಿಗೂ ನಾಲ್ಕು ನಾಲ್ಕು ಕಾಯಿ ತುಂಬಿಸಿ ಇಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಒಂದಾಟ ಆಡುವನಾ ಮಗ?"

ನಾನು ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ, "ಆಮೇಲೆ ಅಜ್ಜಿ, ಕಾಲ್ ಇದೆ" ಅನ್ನುತ್ತಿದ್ದೆ.

"ಆಯ್ತು, ನಿನ್ನ ಕೆಲಸ ಮಾಡು" ಅನ್ನುತ್ತಿದ್ದರು. ಸಂಜೆ ನಾನು ಎದ್ದು ಬರುವ ಹೊತ್ತಿಗೆ ಕರೆಂಟ್ ಇರುತ್ತಿರಲಿಲ್ಲ, ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ಮಣೆಯ ಮೇಲೆ ಕಾಯಿಗಳು ತುಂಬಿಸಿಟ್ಟ ಹಾಗೇ ನಾಲ್ಕು ನಾಲ್ಕು ಇರುತ್ತಿದ್ದವು. ಒಂದು ನಡೆಯೂ ಆಗಿರುತ್ತಿರಲಿಲ್ಲ. ಆ ಮಳೆಗಾಲದಲ್ಲಿ ನಾವು ಎಷ್ಟು ಆಟ ಆಡಿದೆವು ಅಂತ ಲೆಕ್ಕ ಹಾಕಿದರೆ ಎರಡು. ಆ ವರ್ಷದ ಕಾಲ್‌ಗಳಲ್ಲಿ ಏನು ಮಾತಾಡಿದೆವು ಅಂತ ನೆನಪಿಸಿಕೊಂಡರೆ ಒಂದೂ ನೆನಪಿಲ್ಲ. ಮುಂದಿನ ಮಾಘದಲ್ಲಿ ಅಜ್ಜಿ ಹೋದರು.

ಮಗಳು ಆ ಶನಿವಾರ ಕೇಳಿದ್ದು, ನೋಡಿದರೆ, ಅದೇ ಪ್ರಶ್ನೆ. ಎಂಬತ್ತರ ಅಜ್ಜಿಯೂ ಐದರ ಮಗಳೂ ಮಳೆಗೆ ಸಿಕ್ಕಿ ಮನೆಯೊಳಗೆ ಕೂತವರು. ಇಬ್ಬರಿಗೂ ಬೇಕಾಗಿದ್ದದ್ದು ಹೊತ್ತು ಕಳೆಯುವ ಸಾಮಾನಲ್ಲ, ಎದುರಿಗೆ ಕೂರುವ ಒಬ್ಬ ಮನುಷ್ಯ.

ಅಮ್ಮನಿಗೆ ಫೋನ್ ಮಾಡಿದೆ. ಗೌರಿ ಹಬ್ಬಕ್ಕೆ ಬರುವಾಗ ಅವರು ಹಪ್ಪಳ, ಉಪ್ಪಿನಕಾಯಿಯ ನಡುವೆ ಹಳೆಯ ಪಂಚೆಯಲ್ಲಿ ಸುತ್ತಿದ ಮಣೆಯನ್ನೂ ತಂದರು. ಒಂದು ತುದಿಯಲ್ಲಿ ಗೆದ್ದಲು ಮುಟ್ಟಿದೆ, ಗುಳಿಗಳು ಗಟ್ಟಿಯಾಗಿವೆ. ಮಂಜೊಟ್ಟಿ ಎಣಿಸಿದರೆ 53. ಕಡಿಮೆ ಬಿದ್ದ ಮೂರಕ್ಕೆ ಮಗಳು ತನ್ನ ಹಳೆಯ ಫ್ರಾಕಿನ ಗುಂಡಿಗಳನ್ನು ಕೊಟ್ಟಳು.

ನಿಮ್ಮ ಮನೆಯಲ್ಲಿ ಮಣೆ ಇಲ್ಲದಿದ್ದರೆ ಚಿಂತೆಯಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಏಳೇಳು ವೃತ್ತ ಎಳೆಯಿರಿ, ಇಲ್ಲವೇ ಮೊಟ್ಟೆಯ ಟ್ರೇ ಕತ್ತರಿಸಿ ಎರಡು ಸಾಲು ಮಾಡಿಕೊಳ್ಳಿ. ಹುಣಸೆಬೀಜ ತೊಳೆದು ಒಣಗಿಸಿದರೆ ಕಾಯಿ. ತೀರಾ ಎಳೆಯ ಮಗುವಿದ್ದರೆ ಬಾಯಿಗೆ, ಮೂಗಿಗೆ ಹಾಕಿಕೊಳ್ಳದ ಹಾಗೆ ಕಣ್ಣಿಟ್ಟಿರಿ. ನಾಲ್ಕೈದು ವರ್ಷದವರಿಗೆ ನಿಯಮ ಎಲ್ಲ ಒಂದೇ ದಿನ ಹೇಳಬೇಡಿ. ಮೊದಲು ಒಂದೊಂದೇ ಹಾಕುತ್ತ ಹೋಗುವುದಷ್ಟೇ ಆಟ. ಬೆರಳಿಗೂ ಲೆಕ್ಕಕ್ಕೂ ಅದೇ ಸಾಕು. ನಾಲ್ಕು ಕೂಡಿದಾಗ ತೆಗೆದುಕೊಳ್ಳುವುದು ಮುಂದಿನ ವಾರ. ಮತ್ತು ಬೇಕಂತಲೇ ಸೋಲಬೇಡಿ, ಅದು ಅವರಿಗೆ ಬೇಗ ಗೊತ್ತಾಗುತ್ತದೆ.

ನಾನು ಈಗ ಮಳೆಯ ದಿನಗಳಲ್ಲಿ ಕ್ಯಾಲೆಂಡರಿನಲ್ಲಿ ಸಂಜೆ ಅರ್ಧ ಗಂಟೆ ತಡೆದಿಟ್ಟುಕೊಳ್ಳುತ್ತೇನೆ. ದೊಡ್ಡ ಸಾಧನೆಯೇನಲ್ಲ. ಅರ್ಧಕ್ಕರ್ಧ ದಿನ ಅದೂ ತಪ್ಪುತ್ತದೆ. ತಪ್ಪಿದ ದಿನ ಮಗಳು ಗೊಂಬೆಯನ್ನು ಎದುರಿಗೆ ಕೂರಿಸಿಕೊಂಡು ಎರಡೂ ಕಡೆಯ ಆಟ ತಾನೇ ಆಡಿರುತ್ತಾಳೆ. ಅದನ್ನು ನೋಡಿದರೆ ಮರುದಿನ ತಪ್ಪಿಸಲು ಮನಸ್ಸು ಬರುವುದಿಲ್ಲ.

ಮೊನ್ನೆ ಆಟದ ನಡುವೆ ಮೇಜಿನ ಮೇಲೆ ಲ್ಯಾಪ್‌ಟಾಪು ಟಿಂಗ್ ಅಂದಿತು. ನನ್ನ ಕೈಯಲ್ಲಿ ಮೂರು ಕಾಯಿ ಉಳಿದಿದ್ದವು. ಮಗಳು ತಲೆ ಎತ್ತಿ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಮೂರನ್ನೂ ಒಂದೊಂದಾಗಿ ಹಾಕಿದೆ. ಮುಂದಿನ ಗುಳಿ ಖಾಲಿ, ಅದರಾಚೆಯದೂ ಖಾಲಿ. ನನಗೆ ಏನೂ ಸಿಗಲಿಲ್ಲ.

"ಈಗ ನನ್ನ ಸರದಿ" ಅಂದಳು.